ಆಪ್ಷನ್ ಎಂಟ್ರಿಗೆ ಕೂರುವ ಮುಂಚೆ: ಮಂಡ್ಯ-ಮೈಸೂರಿನ ಪಿಯು ವಿಜ್ಞಾನ ಮಕ್ಕಳ ಮುಂದಿರುವ ದಾರಿಗಳು

ಸಿಇಟಿ ಫಲಿತಾಂಶ ಬಂದ ಮಾರನೆಯ ದಿನದಿಂದ ಮಂಡ್ಯದ, ಮೈಸೂರಿನ ಸೈಬರ್ ಸೆಂಟರ್‌ಗಳಲ್ಲಿ ಒಂದೇ ಮಾತು: ‘ಈ ರ‍್ಯಾಂಕ್‌ಗೆ ಎಲ್ಲಿ ಸಿಗುತ್ತೆ?’ ಎಲ್ಲಿ ಸಿಗುತ್ತೆ ಅನ್ನೋದನ್ನು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕಂಪ್ಯೂಟರ್ ನೋಡಿಕೊಳ್ಳುತ್ತೆ. ಆಪ್ಷನ್ ಎಂಟ್ರಿಯಲ್ಲಿ ನೀವು ಕೊಟ್ಟ ಕಾಲೇಜು-ಕೋರ್ಸುಗಳ ಪಟ್ಟಿಯನ್ನು ಅದು ಮೇಲಿನಿಂದ ಕೆಳಕ್ಕೆ ಓದುತ್ತಾ ಹೋಗಿ, ನಿಮ್ಮ ರ‍್ಯಾಂಕಿಗೆ ದಕ್ಕುವ ಮೊದಲ ಸೀಟು ಕಂಡ ತಕ್ಷಣ ನಿಂತುಬಿಡುತ್ತೆ. ಹನ್ನೆರಡನೇ ಸಾಲಿನಲ್ಲಿ ಬರೆದದ್ದೇ ನಿಮಗೆ ನಿಜಕ್ಕೂ ಬೇಕಿತ್ತು, ಆದರೆ ಐದನೇ ಸಾಲಿನದು ಸಿಕ್ಕಿಬಿಟ್ಟಿತು ಅನ್ನಿ. ಹನ್ನೆರಡನೆಯದನ್ನು ಅದು ನೋಡುವುದೇ ಇಲ್ಲ. ಇಲ್ಲಿ ಆಯ್ಕೆ ಅಂದರೆ ಕ್ರಮ. ಆ ಕ್ರಮವನ್ನು ಕೊನೆಯ ದಿನದ ರಾತ್ರಿ, ಸರ್ವರ್ ತೆವಳುತ್ತಿರುವಾಗ, ಪಕ್ಕದ ಕುರ್ಚಿಯವರ ಪಟ್ಟಿ ನೋಡಿ ಬರೆಯುವ ಮನೆಗಳು ಬೇಕಾದಷ್ಟಿವೆ.

ಈ ಬರಹ ಪಿಸಿಎಂ (ಭೌತ-ರಸಾಯನ-ಗಣಿತ) ಅಥವಾ ಪಿಸಿಎಂಬಿ (ಜೊತೆಗೆ ಜೀವಶಾಸ್ತ್ರ) ಓದಿ, ಎಂಜಿನಿಯರಿಂಗ್ ಸೇರುವುದೋ, ಕೃಷಿ ಬಿಎಸ್ಸಿಯೋ, ಮೇಷ್ಟ್ರಾಗುವ ಕೋರ್ಸೋ, ಮಾಮೂಲಿ ಬಿಎಸ್ಸಿಯೋ ಎಂದು ತೂಗಾಡುತ್ತಿರುವವರಿಗೆ. ನೀಟ್ ಬರೆದು ವೈದ್ಯಕೀಯಕ್ಕೇ ಹೊರಟವರ ಲೆಕ್ಕ ಬೇರೆ, ಅದನ್ನು ಇಲ್ಲಿ ಮುಟ್ಟಿಲ್ಲ.

ಮೊದಲು ತಕ್ಕಡಿ

ಕಾಲೇಜಿನ ಹೆಸರು ಎತ್ತುವ ಮುಂಚೆ ನಾಲ್ಕು ಪ್ರಶ್ನೆಗೆ ಮನೆಯಲ್ಲಿ ಉತ್ತರ ಬರೆದುಕೊಳ್ಳಿ. ಹೇಳಿದರೆ ಸಾಲದು, ಬರೆಯಬೇಕು.

ಒಂದು, ನಾಲ್ಕು ವರ್ಷದ ಒಟ್ಟು ಖರ್ಚು. ಮೊದಲ ವರ್ಷದ ಫೀಸು ನೋಡಿ ಸೀಟು ಒಪ್ಪಿಕೊಂಡವರು ಎರಡನೇ ವರ್ಷದ ಆಗಸ್ಟ್‌ನಲ್ಲಿ ಒಡವೆ ಅಡ ಇಡುತ್ತಾರೆ. ಕೆಇಎ ಪ್ರಕಟಿಸುವ ಶುಲ್ಕದ ಮೇಲೆ ಕಾಲೇಜಿನ ಇತರೆ ಶುಲ್ಕ, ಹಾಸ್ಟೆಲ್ ಅಥವಾ ಪಿಜಿ, ಓಡಾಟ, ಲ್ಯಾಪ್‌ಟಾಪ್, ಪರೀಕ್ಷಾ ಶುಲ್ಕ ಎಲ್ಲ ಸೇರಿಸಿ.

ಎರಡು, ದಿನದ ಗಂಟೆ. ಹೋಗಿ ಬರಲು ಮೂರೂವರೆ ಗಂಟೆ ಹಿಡಿಯುವ ಕಾಲೇಜಿಗೆ ಮನೆಯಿಂದ ಓಡಾಡುವ ಮಗು ಮೊದಲ ಸೆಮಿಸ್ಟರ್‌ನ ಗಣಿತದಲ್ಲೇ ಸೋಲುತ್ತದೆ. ಬುದ್ಧಿಗೇನೂ ಕಡಿಮೆ ಇರುವುದಿಲ್ಲ, ಕೂತು ಲೆಕ್ಕ ಮಾಡಲು ಹೊತ್ತು ಸಿಕ್ಕಿರುವುದಿಲ್ಲ.

ಮೂರು, ಆ ಪದವಿ ಯಾವ ಬಾಗಿಲು ತೆರೆಯುತ್ತದೆ, ಸಂಬಳ ಯಾವಾಗ ಶುರುವಾಗುತ್ತದೆ. ನಾಲ್ಕು ವರ್ಷಕ್ಕೇ ದುಡಿಯಲೇಬೇಕಾದ ಮನೆಗೂ, ಆರು ವರ್ಷ ಓದಿಸಬಲ್ಲ ಮನೆಗೂ ಒಂದೇ ಉತ್ತರ ಹೊಂದುವುದಿಲ್ಲ.

ನಾಲ್ಕನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ: ಒಂದು ವರ್ಷ ಓದಿ ‘ನನಗಿದು ಆಗಲ್ಲ’ ಅಂದರೆ ಕಳೆದುಕೊಳ್ಳುವುದೆಷ್ಟು? ಸರ್ಕಾರಿ ಬಿಎಸ್ಸಿಯಲ್ಲಿ ಕೆಲವು ಸಾವಿರ ಮತ್ತು ಒಂದು ವರ್ಷ. ಕಾಲೇಜೇ ನೇರವಾಗಿ ಕೊಡುವ ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಲಕ್ಷಗಳು, ಒಂದು ವರ್ಷ, ಮೇಲೆ ‘ಬಾಕಿ ವರ್ಷಗಳ ಶುಲ್ಕವನ್ನೂ ಕಟ್ಟಿ ಹೋಗಿ’ ಅನ್ನುವ ತಕರಾರು.

ರ‍್ಯಾಂಕ್ ಹೇಗೆ ಹುಟ್ಟುತ್ತೆ

ಈ ಭಾಗ ಈಗ ದ್ವಿತೀಯ ಪಿಯು ಓದುತ್ತಿರುವವರಿಗೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತ-ರಸಾಯನ-ಗಣಿತದ ಅಂಕ ಅರ್ಧ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಮೂರು ಸೇರಿ 180 ಅಂಕ. ಪಿಯುಸಿಯಲ್ಲಿ ಮೂರಕ್ಕೆ 300. ಸಿಇಟಿಯಲ್ಲಿ 110, ಪಿಯುಸಿಯಲ್ಲಿ 270 ಬಂತು ಅನ್ನಿ: ಒಂದು ಕಡೆ ಶೇ 61.11, ಇನ್ನೊಂದು ಕಡೆ ಶೇ 90, ಸರಾಸರಿ 75.56.

ಇದರಲ್ಲೊಂದು ಸಣ್ಣ ಲೆಕ್ಕ ಅಡಗಿದೆ. 180ರಲ್ಲಿ 3 ಅಂಕ ಅಂದರೆ 300ರಲ್ಲಿ 5 ಅಂಕಕ್ಕೆ ಸಮ. ಸಿಇಟಿಯಲ್ಲಿ ಮೂರು ಪ್ರಶ್ನೆ ಹೆಚ್ಚಿಗೆ ಸರಿ ಮಾಡುವುದೂ ಬೋರ್ಡ್ ಪರೀಕ್ಷೆಯಲ್ಲಿ ಐದು ಅಂಕ ಹೆಚ್ಚು ತರುವುದೂ ರ‍್ಯಾಂಕ್ ಪಟ್ಟಿಗೆ ಒಂದೇ. ಆಗಲೇ 95ರ ಮೇಲಿರುವ ಮಗುವಿಗೆ ಬೋರ್ಡ್ ಅಂಕ ಏರಿಸುವುದು ಕಷ್ಟ, ಅವರು ಸಿಇಟಿ ಅಭ್ಯಾಸಕ್ಕೆ ಹೊತ್ತು ಕೊಡಲಿ. 70ರ ಆಸುಪಾಸಿನಲ್ಲಿ ಇರುವವರು ಕ್ರ್ಯಾಶ್ ಕೋರ್ಸ್ ಸೇರುವ ಮುಂಚೆ ಬೋರ್ಡ್ ಪರೀಕ್ಷೆ ಗಟ್ಟಿ ಮಾಡಿಕೊಳ್ಳಲಿ, ಅಲ್ಲಿ ಅಂಕ ಅಗ್ಗವಾಗಿ ಸಿಗುತ್ತದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೂ ಒಎಂಆರ್ ಹಾಳೆಯಲ್ಲಿ ಖಾಲಿ ಬಿಟ್ಟು ಬರುವ ಮಕ್ಕಳಿದ್ದಾರೆ.

ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ ದಾರಿ ಬೇರೆ. ಅಲ್ಲೂ 180 ಪ್ರಶ್ನೆ, ಅಂಕ ಕಡಿತ ಇಲ್ಲ, ಒಟ್ಟಿಗೆ ಮೂರು ಗಂಟೆ. ಪಿಯುಸಿ ಅಂಕ ಅರ್ಹತೆಗೆ ಮಾತ್ರ, ರ‍್ಯಾಂಕಿಗೆ ಸೇರುವುದಿಲ್ಲ. ಬೋರ್ಡ್ ಪರೀಕ್ಷೆಯ ಹೊತ್ತಿಗೆ ಜ್ವರ ಬಂದು ಅಂಕ ಇಳಿದವರಿಗೆ ಇದೊಂದು ಎರಡನೇ ಬಾಗಿಲು, ದುಬಾರಿ ಬಾಗಿಲು.

ಎಂಜಿನಿಯರಿಂಗ್: ಒಂದೇ ಕಾಲೇಜು, ಮೂರು ಬೆಲೆ

ನಮ್ಮ ಕಡೆ ಕಾಲೇಜುಗಳಿಗೆ ಬರವಿಲ್ಲ. ಮೈಸೂರಿನಲ್ಲಿ 1946ರ ಎನ್‌ಐಇ, 1963ರ ಎಸ್‌ಜೆಸಿಇ (ಈಗ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದೊಳಗೆ), ಗೋಕುಲಂನ ವಿದ್ಯಾವರ್ಧಕ, ಹೆಣ್ಣುಮಕ್ಕಳಿಗೇ ಇರುವ ಜಿಎಸ್‌ಎಸ್‌ಎಸ್, ಬನ್ನೂರು ರಸ್ತೆಯ ಎಟಿಎಂಇ, ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ ಎಂಐಟಿ, ಮಂಡ್ಯದಲ್ಲಿ 1962ರ ಪಿಇಎಸ್, ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಆದರೆ ‘ಎನ್‌ಐಇ ಸೀಟು’ ಅಂದಷ್ಟಕ್ಕೆ ಏನೂ ಗೊತ್ತಾಗುವುದಿಲ್ಲ. ಯಾವ ಲೆಕ್ಕದ ಸೀಟು ಅನ್ನೋದರ ಮೇಲೆ ಬೆಲೆ ನಿಂತಿದೆ.

ಸರ್ಕಾರಿ ಮತ್ತು ಅನುದಾನಿತ ಸೀಟು. ಇಲ್ಲಿ ಜನ ಎಡವುವುದು ಅನುದಾನಿತದಲ್ಲಿ. ಪಿಇಎಸ್, ಎನ್‌ಐಇ, ಎಸ್‌ಜೆಸಿಇಗಳಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನಂಥ ಹಳೆಯ ಬ್ರಾಂಚುಗಳಲ್ಲಿ ಸರ್ಕಾರದ ಅನುದಾನದ ಸೀಟುಗಳಿವೆ. ಶುಲ್ಕ ಹೆಚ್ಚುಕಡಿಮೆ ಸರ್ಕಾರಿ ಕಾಲೇಜಿನದೇ, ವರ್ಷಕ್ಕೆ ಅಂದಾಜು 40ರಿಂದ 50 ಸಾವಿರ. ಕೆಇಎ ಪಟ್ಟಿಯಲ್ಲಿ ಅನುದಾನಿತಕ್ಕೂ ಅನುದಾನರಹಿತಕ್ಕೂ ಬೇರೆ ಬೇರೆ ಕೋಡ್ ಇರುತ್ತದೆ, ಹಾಗಾಗಿ ಒಂದೇ ಕಾಲೇಜು ಪಟ್ಟಿಯಲ್ಲಿ ಎರಡು ಕಡೆ ಬರುತ್ತದೆ. ಹೆಸರು ನೋಡಿ ಮೊದಲು ಕಣ್ಣಿಗೆ ಬಿದ್ದದ್ದನ್ನು ಹಾಕಿದವರು, ಅದೇ ಕಟ್ಟಡದಲ್ಲಿ, ಅದೇ ಮೇಷ್ಟ್ರ ಪಾಠವನ್ನು ಎರಡು ಪಟ್ಟು ದುಡ್ಡು ಕೊಟ್ಟು ಕೇಳುತ್ತಾರೆ. ಕೋಡ್ ನೋಡಿ, ಹೆಸರಿನ ಪಕ್ಕದ ಪದ ಓದಿ. ಎನ್‌ಐಇಗೆ ಮಾನಂದವಾಡಿ ರಸ್ತೆಯಲ್ಲೊಂದು, ಕೂರ್ಗಳ್ಳಿ ಕಡೆ ಇನ್ನೊಂದು ಕ್ಯಾಂಪಸ್ ಇದೆ, ಅದನ್ನೂ ಗಮನಿಸಿ.

ಕೆ.ಆರ್. ಪೇಟೆಯ ಸರ್ಕಾರಿ ಕಾಲೇಜಿನಲ್ಲಿ ಖರ್ಚು ತೀರಾ ಕಡಿಮೆ. ಆದರೆ ಮೈಸೂರಿನ ಹಳೆಯ ಕಾಲೇಜುಗಳಿಗೆ ಕಂಪನಿಗಳು ಬಂದಷ್ಟು ತಾಲ್ಲೂಕು ಕೇಂದ್ರಕ್ಕೆ ಬರುವುದಿಲ್ಲ. ಸರ್ಕಾರಿ ಎಂಜಿನಿಯರ್ ಹುದ್ದೆ, ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆ ಅಂತ ಮನಸ್ಸು ಮಾಡಿಕೊಂಡ, ತಾನೇ ಓದಿಕೊಳ್ಳುವ ಮಗುವಿಗೆ ಇದು ಕೊರತೆಯೇ ಅಲ್ಲ. ಕ್ಯಾಂಪಸ್ ಕೆಲಸವನ್ನೇ ನಂಬಿಕೊಂಡವರಿಗೆ ಕೊರತೆ.

ಖಾಸಗಿ ಕಾಲೇಜಿನ ಸಿಇಟಿ ಸೀಟು. ಖಾಸಗಿ ಕಾಲೇಜಿನ ಸೀಟುಗಳನ್ನು ಸಾಮಾನ್ಯವಾಗಿ ಶೇ 45 ಸಿಇಟಿಗೆ, ಶೇ 30 ಕಾಮೆಡ್‌ಕೆಗೆ, ಶೇ 25 ಮ್ಯಾನೇಜ್‌ಮೆಂಟಿಗೆ ಹಂಚಿರುತ್ತಾರೆ. ಸಿಇಟಿ ಪಾಲಿನ ಶುಲ್ಕ ಲಕ್ಷದ ಆಸುಪಾಸು. ಪ್ರತಿ ವರ್ಷ ಸ್ವಲ್ಪ ಏರುತ್ತದೆ, ಆ ವರ್ಷದ ಕೆಇಎ ಪಟ್ಟಿಯೇ ಅಂತಿಮ. ಮನೆಯ ಆದಾಯ 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯು ಅನ್ನುವ ಹೆಚ್ಚುವರಿ ಸೀಟುಗಳಿಗೆ ಅರ್ಹತೆ ಇರುತ್ತದೆ. ಪ್ರತಿ ಬ್ರಾಂಚಿನಲ್ಲೂ ಶೇ 5ರಷ್ಟು ಸೀಟು, ಬೋಧನಾ ಶುಲ್ಕ ಮಾಫಿ. ಸಿಗುವುದು ಕೋರಿಕೊಂಡವರಲ್ಲಿ ರ‍್ಯಾಂಕ್ ಚೆನ್ನಾಗಿರುವವರಿಗೆ. ಅರ್ಜಿಯಲ್ಲಿ ಅದನ್ನು ಗುರುತು ಮಾಡದೆ ಬಿಟ್ಟರೆ ಆಮೇಲೆ ಯಾರೂ ಕರೆದು ಕೊಡುವುದಿಲ್ಲ.

ಕಾಮೆಡ್‌ಕೆ ಮತ್ತು ಮ್ಯಾನೇಜ್‌ಮೆಂಟ್. ಕಾಮೆಡ್‌ಕೆ ಶುಲ್ಕ ವರ್ಷಕ್ಕೆ ಎರಡರಿಂದ ಮೂರು ಲಕ್ಷ. ಮ್ಯಾನೇಜ್‌ಮೆಂಟ್ ಸೀಟಿನ ದರ ಬ್ರಾಂಚಿನ ಗಿರಾಕಿ ನೋಡಿ ಏರಿಳಿಯುತ್ತದೆ. ಮಧ್ಯವರ್ತಿಯ ಮೂಲಕ ಹೋಗಬೇಡಿ. ಕಾಲೇಜಿನ ಕಚೇರಿಗೇ ಹೋಗಿ ನಾಲ್ಕೂ ವರ್ಷದ ಮೊತ್ತವನ್ನು ಕಾಗದದ ಮೇಲೆ ಕೇಳಿ, ಕಟ್ಟಿದ ಪ್ರತಿ ರೂಪಾಯಿಗೂ ಸಂಸ್ಥೆಯ ಹೆಸರಿನ ರಸೀದಿ ಪಡೆಯಿರಿ. ‘ಇವತ್ತು ಐವತ್ತು ಸಾವಿರ ಅಡ್ವಾನ್ಸ್ ಕೊಡಿ, ಸೀಟು ಹಿಡಿದಿಡ್ತೀವಿ’ ಅನ್ನುವ ಮಾತು ಸಿಇಟಿ ಫಲಿತಾಂಶಕ್ಕೂ ಮುಂಚೆ ಬಂದರೆ, ಆ ಐವತ್ತು ಸಾವಿರ ವಾಪಸ್ ಬರುವುದಿಲ್ಲ ಅಂತಲೇ ಲೆಕ್ಕ ಹಾಕಿ.

ಮದ್ದೂರಿನ ಹುಡುಗನೊಬ್ಬನ ಲೆಕ್ಕ ಹೀಗೆ ಮಾಡಿ ನೋಡಬಹುದು. ಮಂಡ್ಯದ ಪಿಇಎಸ್ ಅನುದಾನಿತ ಸೀಟು: ಶುಲ್ಕ ವರ್ಷಕ್ಕೆ 45 ಸಾವಿರ ಹಿಡಿದರೆ ನಾಲ್ಕು ವರ್ಷಕ್ಕೆ 1.8 ಲಕ್ಷ, ಊಟ ಮನೆಯದೇ, ರೈಲು ಪಾಸು. ಎಲ್ಲ ಸೇರಿ ಎರಡೂವರೆ ಲಕ್ಷದೊಳಗೆ ಮುಗಿಯುತ್ತದೆ. ಮೈಸೂರಿನ ಖಾಸಗಿ ಕಾಲೇಜಿನ ಸಿಇಟಿ ಸೀಟು: ಶುಲ್ಕ 4 ಲಕ್ಷ, ಪಿಜಿ ಮತ್ತು ಊಟ ವರ್ಷಕ್ಕೆ 80 ಸಾವಿರದಂತೆ 3.2 ಲಕ್ಷ, ಮೇಲಿನ ಖರ್ಚು, ಏಳೂವರೆ ಲಕ್ಷ. ಅದೇ ಕಾಲೇಜು ಕಾಮೆಡ್‌ಕೆಯಲ್ಲಿ: ವರ್ಷಕ್ಕೆ ಎರಡೂವರೆಯಂತೆ 10 ಲಕ್ಷ, ವಾಸ ಸೇರಿ 13 ದಾಟುತ್ತದೆ. ಮೂವರಿಗೂ ಕೊನೆಗೆ ಸಿಗುವುದು ಬಿಇ ಪದವಿಯೇ. ಕೊನೆಯವನು ಮೊದಲಿನವನಿಗಿಂತ ಹತ್ತು ಲಕ್ಷದಷ್ಟು ಹೆಚ್ಚು ಸಂಪಾದಿಸಿದ ಮೇಲೆ ತಾನೇ ಸರಿಸಮ ನಿಲ್ಲುವುದು.

ಮಗಳಾದರೆ ಓಡಾಟದ ಲೆಕ್ಕ ಪೂರ್ತಿ ಬದಲು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಪಾಂಡವಪುರ, ಶ್ರೀರಂಗಪಟ್ಟಣದ ಹುಡುಗಿಯರಿಗೆ ಮೈಸೂರಿನ ಕಾಲೇಜು ಹಾಸ್ಟೆಲ್ ಇಲ್ಲದೆಯೂ ಎಟುಕುತ್ತದೆ. ಆದರೆ ಬಸ್ ಇಳಿದ ಮೇಲಿನ ದಾರಿ ನೋಡಿಕೊಳ್ಳಿ. ಸಂಜೆ ಐದೂವರೆಗೆ ಲ್ಯಾಬ್ ಮುಗಿಸಿ ನಗರ ಬಸ್ ನಿಲ್ದಾಣ, ಅಲ್ಲಿಂದ ಸಬರ್ಬನ್ ಬಸ್ ನಿಲ್ದಾಣ, ಅಲ್ಲಿಂದ ಊರು ಅಂದರೆ ಎರಡು ಗಂಟೆ ಕೈಬಿಡುತ್ತದೆ. ಒಂದು ಸೋಮವಾರ ಆ ಹೊತ್ತಿಗೆ ಹೋಗಿ ಬನ್ನಿ. ಭಾನುವಾರದ ಬಸ್ಸಿನ ಮೇಲೆ ತೀರ್ಮಾನ ಮಾಡಬೇಡಿ.

ಒಳ್ಳೆ ಕಾಲೇಜಾ, ಒಳ್ಳೆ ಬ್ರಾಂಚಾ?

ಪ್ರತಿ ವರ್ಷದ ಜಗಳ ಇದು. ಹಳೆಯ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಸಿಗುತ್ತೆ, ಹೊಸ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತೆ. ಅಪ್ಪ ಒಂದು ಕಡೆ, ಮಗ ಒಂದು ಕಡೆ, ಬೆಂಗಳೂರಿನ ಚಿಕ್ಕಪ್ಪ ಫೋನಿನಲ್ಲಿ.

ಇಲ್ಲಿ ಒಂದು ಅಸಮ ಇದೆ. ಕ್ಯಾಂಪಸ್ಸಿಗೆ ಬರುವ ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳಲ್ಲಿ ಹಲವು ಎಲ್ಲ ಬ್ರಾಂಚಿನವರನ್ನೂ ಪರೀಕ್ಷೆಗೆ ಕೂರಿಸುತ್ತವೆ. ಎಲೆಕ್ಟ್ರಿಕಲ್ ಓದಿದವನು ಕೋಡಿಂಗ್ ಕಲಿತು ಆ ಕಡೆ ಹೋಗಬಲ್ಲ, ಬೇಡವಾದರೆ ರಾಜ್ಯದ ವಿದ್ಯುತ್ ಪ್ರಸರಣ ನಿಗಮದ (ಕೆಪಿಟಿಸಿಎಲ್) ಸಹಾಯಕ ಎಂಜಿನಿಯರ್ ಹುದ್ದೆಗೂ ಅರ್ಜಿ ಹಾಕಬಲ್ಲ. ಕಂಪ್ಯೂಟರ್ ಸೈನ್ಸ್‌ನವನಿಗೆ ಆ ಎಲೆಕ್ಟ್ರಿಕಲ್ ಹುದ್ದೆಗೆ ಅರ್ಹತೆಯೇ ಇಲ್ಲ. ಸಿವಿಲ್‌ನವರಿಗೂ ಲೋಕೋಪಯೋಗಿ, ನೀರಾವರಿ ಇಲಾಖೆಗಳ ಬಾಗಿಲು ಹಾಗೆಯೇ. ಸರ್ಕಾರಿ ಕೆಲಸದ ಆಸೆ ಇರುವ ಮನೆಗೆ ಹಳೆಯ ಕಾಲೇಜಿನ ಹಳೆಯ ಬ್ರಾಂಚು, ಅದೂ ಅನುದಾನಿತ ಶುಲ್ಕದಲ್ಲಿ ಸಿಕ್ಕರೆ, ಕಣ್ಣುಮುಚ್ಚಿ ಮೇಲಿಡಬಹುದಾದ ಸಾಲು. ಎಂಟನೇ ಕ್ಲಾಸಿನಿಂದ ಪ್ರೋಗ್ರಾಂ ಬರೆಯುತ್ತಾ ಕೂತ ಮಗುವಿಗೆ ಮಾತ್ರ ಕಾಲೇಜು ಒಂದು ಮೆಟ್ಟಿಲು ಇಳಿದರೂ ಬ್ರಾಂಚು ಬಿಟ್ಟುಕೊಡಬೇಡಿ.

ಕಂಪ್ಯೂಟರ್ ಸೈನ್ಸ್ ಈಗ ಹತ್ತು ಹೆಸರಿನಲ್ಲಿದೆ: ಎಐ ಮತ್ತು ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಬಿಸಿನೆಸ್ ಸಿಸ್ಟಮ್ಸ್. ಪಠ್ಯಕ್ರಮ ತೆರೆದು ನೋಡಿದರೆ ಮೊದಲೆರಡು ವರ್ಷ ಬಹುಪಾಲು ಒಂದೇ. ಎರಡೂ ದಕ್ಕುವ ರ‍್ಯಾಂಕ್ ಇದ್ದರೆ ಬರೀ ಕಂಪ್ಯೂಟರ್ ಸೈನ್ಸ್ ಅಂತಿರುವುದನ್ನು ಮೇಲೆ ಬರೆಯಿರಿ, ವಿಶೇಷ ಹೆಸರಿನವನ್ನು ಅದರ ಕೆಳಗೆ. ಮೊದಲ ವರ್ಷದ ನಂತರ ಬ್ರಾಂಚ್ ಬದಲಿಸಬಹುದು ಅಂತ ಕಾಲೇಜಿನವರು ಹೇಳುವುದು ನಿಜ, ಖಾಲಿ ಬೀಳುವ ಸೀಟು ಬೆರಳೆಣಿಕೆಯದು ಅನ್ನೋದೂ ನಿಜ.

ಪ್ಲೇಸ್‌ಮೆಂಟ್ ಅಂಕಿ ಕೇಳುವಾಗ ಮೂರು ಪ್ರಶ್ನೆ ಸಾಕು. ಆ ಬ್ರಾಂಚಿನಲ್ಲಿ ಪದವಿ ಮುಗಿಸಿದವರೆಷ್ಟು? ಅವರಲ್ಲಿ ಕೆಲಸ ಸಿಕ್ಕ ತಲೆಗಳೆಷ್ಟು, ಆಫರ್ ಪತ್ರಗಳೆಷ್ಟು? ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವನ ಸಂಬಳವೆಷ್ಟು? ಒಬ್ಬಳಿಗೇ ಮೂರು ಆಫರ್ ಬಂದರೆ ಫ್ಲೆಕ್ಸ್‌ನಲ್ಲಿ ಅದು ಮೂರಾಗಿ ಎಣಿಕೆಯಾಗಿರುತ್ತದೆ. ‘ಅತಿ ಹೆಚ್ಚು ಪ್ಯಾಕೇಜ್’ ಅನ್ನುವುದು ಒಬ್ಬರ ಸಂಬಳ, ಅದರಿಂದ ನಿಮ್ಮ ಮಗುವಿನ ಬಗ್ಗೆ ಏನೂ ತಿಳಿಯುವುದಿಲ್ಲ.

ವಿ.ಸಿ. ಫಾರಂ ದಾರಿ

ಪಿಸಿಎಂಬಿ ಓದಿ, ಜೀವಶಾಸ್ತ್ರವನ್ನೂ ಬರೆದ ರೈತರ ಮಕ್ಕಳು ಈ ದಾರಿಯನ್ನು ಬೇಗ ಮರೆಯುತ್ತಾರೆ. ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜು ಇರುವುದು ಕಬ್ಬು, ಭತ್ತ, ರಾಗಿ ಸಂಶೋಧನೆಯ ನಡುವೆ. ನಮ್ಮ ಹೊಲಗಳಿಗೆ ಬಂದ ಕೆಎಂಆರ್ ಸರಣಿಯ ರಾಗಿ ತಳಿಗಳು ಅಲ್ಲಿಯವೇ. ತೋಟಗಾರಿಕೆ ಬೇಕಾದವರಿಗೆ ಮೈಸೂರಿನ ಹತ್ತಿರವೇ ತೋಟಗಾರಿಕೆ ಕಾಲೇಜಿದೆ. ಸರ್ಕಾರಿ ಶುಲ್ಕ, ನಾಲ್ಕು ವರ್ಷ, ಕೊನೆಯ ವರ್ಷದಲ್ಲಿ ಒಂದು ಹಳ್ಳಿಯಲ್ಲಿದ್ದುಕೊಂಡು ರೈತರ ಜೊತೆ ಕೆಲಸ.

ಇದರ ಕೀಲಿ ಕೃಷಿಕರ ಕೋಟಾದಲ್ಲಿದೆ. ಅದಕ್ಕೆ ಪ್ರಮಾಣಪತ್ರ ಬೇಕು, ಮತ್ತು ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಬೇಕು. ಬೀಜ, ಕಳೆ, ಗೊಬ್ಬರ, ಉಪಕರಣ ತೋರಿಸಿ ಗುರುತಿಸಲು ಹೇಳುವ ಪರೀಕ್ಷೆ. ಜಮೀನು ಇದ್ದೂ ಪೇಟೆಯ ಹಾಸ್ಟೆಲ್‌ನಲ್ಲಿ ಬೆಳೆದ ಮಗುವಿಗೆ ಹಲಸಂದೆ ಬೀಜ ಯಾವುದು, ಹುರುಳಿ ಯಾವುದು, ಕುಂಟೆಗೂ ಕೂರಿಗೆಗೂ ವ್ಯತ್ಯಾಸವೇನು, ಯೂರಿಯಾ ಯಾವುದು, ಡಿಎಪಿ ಯಾವುದು ಅಂತ ಗೊತ್ತಿರುವುದಿಲ್ಲ. ಒಂದು ವಾರ ಅಜ್ಜನ ಜೊತೆ ಹೊಲಕ್ಕೆ ಹೋಗಿ, ಒಂದು ದಿನ ಗೊಬ್ಬರದಂಗಡಿಯಲ್ಲಿ ಕೂತು ಬಂದರೆ ತಯಾರಿ ಅರ್ಧ ಮುಗಿದಂತೆ. ಅರ್ಜಿಯಲ್ಲಿ ಕೋಟಾ ಕೋರಿ, ಪ್ರಾಯೋಗಿಕ ಪರೀಕ್ಷೆಯ ದಿನ ಎಂಜಿನಿಯರಿಂಗ್ ಕೋಚಿಂಗ್ ತಪ್ಪಿಸಬಾರದೆಂದು ಹೋಗದೆ ಇದ್ದವರು ಕೋಟಾ ಕಳೆದುಕೊಳ್ಳುತ್ತಾರೆ.

ಮುಂದೆ? ಕೃಷಿ ಇಲಾಖೆಯ ಅಧಿಕಾರಿ ಹುದ್ದೆಗಳು, ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆ, ಬೀಜ-ಗೊಬ್ಬರ ಕಂಪನಿಗಳು, ಎಂಎಸ್ಸಿ. ಇಲಾಖೆಯ ನೇಮಕಾತಿ ವರ್ಷ ವರ್ಷ ಬರುವುದಿಲ್ಲ, ಕಾಯುವ ತಾಳ್ಮೆ ಬೇಕು. ಪಿಯುಸಿಯಲ್ಲಿ ಗಣಿತ ಕಂಡರೆ ಆಗದೆ ಜೀವಶಾಸ್ತ್ರದಲ್ಲಿ ಮಿಂಚಿದ ಮಗುವನ್ನು ಮೆಕ್ಯಾನಿಕಲ್‌ಗೆ ದೂಡುವುದಕ್ಕಿಂತ ಇದು ಎಷ್ಟೋ ವಾಸಿ.

ಮಾನಸಗಂಗೋತ್ರಿಯ ಸುತ್ತ

ಮೇಷ್ಟ್ರಾಗುವ ಮನಸ್ಸಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಅಂದರೆ ಆರ್‌ಐಇ, ಮನೆ ಬಾಗಿಲಲ್ಲೇ ಇದೆ. ಕೇಂದ್ರ ಸರ್ಕಾರದ ಎನ್‌ಸಿಇಆರ್‌ಟಿಯದು, ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿದ್ದು, ಕ್ಯಾಂಪಸ್ಸಿನೊಳಗೇ ಪಾಠ ಮಾಡಿ ಕಲಿಯಲು ಒಂದು ಶಾಲೆಯೂ ಇದೆ. ಬಿಎಸ್ಸಿ ಮತ್ತು ಬಿಎಡ್ ಸೇರಿ ನಾಲ್ಕೇ ವರ್ಷ. ಹೊರಗೆ ಓದಿದರೆ ಮೂರು ವರ್ಷದ ಬಿಎಸ್ಸಿ, ಎರಡು ವರ್ಷದ ಬಿಎಡ್, ಒಟ್ಟು ಐದು. ಒಂದು ವರ್ಷ ಉಳಿಯಿತು. ಪ್ರವೇಶ ಎನ್‌ಸಿಇಟಿ ಎಂಬ ರಾಷ್ಟ್ರೀಯ ಪರೀಕ್ಷೆಯ ಮೂಲಕ, ಕನ್ನಡದಲ್ಲೂ ಬರೆಯಬಹುದು. ಅರ್ಜಿ ಸಿಇಟಿಗಿಂತ ಪ್ರತ್ಯೇಕ. ಪಿಯು ಫಲಿತಾಂಶ ಬಂದ ಮೇಲೆ ವಿಚಾರಿಸಲು ಹೋದರೆ ಗಡುವು ಮುಗಿದಿರುತ್ತದೆ, ಆದ್ದರಿಂದ ದ್ವಿತೀಯ ಪಿಯು ನಡುವಿನಲ್ಲೇ ಕಣ್ಣಿಟ್ಟಿರಿ. ತೊಡಕು ಒಂದೇ: ಎರಡನೇ ವರ್ಷದಲ್ಲಿ ‘ಪಾಠ ಮಾಡೋದು ನನಗೊಗ್ಗಲ್ಲ’ ಅನ್ನಿಸಿದರೆ ಬಿಎಡ್ ಭಾಗವನ್ನು ಬಿಟ್ಟು ಬರೀ ಬಿಎಸ್ಸಿ ಎತ್ತಿಕೊಂಡು ಹೊರಬರುವುದು ಸುಲಭವಲ್ಲ.

ಆ ಖಾತ್ರಿ ಇಲ್ಲದವರಿಗೆ, ಅಥವಾ ಭೌತಶಾಸ್ತ್ರವನ್ನೋ ರಸಾಯನವನ್ನೋ ಆಳವಾಗಿ ಓದಬೇಕು ಅನ್ನುವವರಿಗೆ ಬಿಎಸ್ಸಿ. ಮೈಸೂರಿನಲ್ಲಿ 1928ರ ಯುವರಾಜ ಕಾಲೇಜು, ಹೆಣ್ಣುಮಕ್ಕಳಿಗೆ ಮಹಾರಾಣಿ ವಿಜ್ಞಾನ ಕಾಲೇಜು. ಮಂಡ್ಯದಲ್ಲೂ ಸರ್ಕಾರಿ ಕಾಲೇಜುಗಳಿವೆ. 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಶುಲ್ಕ ವರ್ಷಕ್ಕೆ ಸಾವಿರಗಳಲ್ಲಿ. ಬಿಎಸ್ಸಿಯನ್ನು ‘ಬೇರೇನೂ ಸಿಗದವರ ಕೋರ್ಸು’ ಅಂತ ನೋಡುವವರು ಒಂದು ಮರೆಯುತ್ತಾರೆ: ಪಿಯು ಉಪನ್ಯಾಸಕರಾಗಲು ಎಂಎಸ್ಸಿ ಮತ್ತು ಬಿಎಡ್ ಬೇಕು, ಬಿಇ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಐಐಟಿಗಳ ಎಂಎಸ್ಸಿಗೆ ಜಾಮ್ ಪರೀಕ್ಷೆ ಬರೆಯುವುದೂ ಇಲ್ಲಿಂದಲೇ. ಆದರೆ ಬರೀ ಬಿಎಸ್ಸಿಯ ಮೇಲೆ ಮೂರನೇ ವರ್ಷಕ್ಕೇ ಮನೆ ನಡೆಸುವ ಸಂಬಳ ಸಿಗುತ್ತದೆ ಎಂದು ಎಣಿಸಬೇಡಿ. ಇದು ಐದಾರು ವರ್ಷದ ಓದು. ಖರ್ಚು ಕಡಿಮೆ, ಕಾಯುವುದು ಹೆಚ್ಚು.

ಪಕ್ಕದಲ್ಲೇ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಬಿಎಎಸ್‌ಎಲ್‌ಪಿ (ಮಾತು ಮತ್ತು ಶ್ರವಣ ದೋಷದ ಚಿಕಿತ್ಸೆ ಕಲಿಸುವ ಪದವಿ) ಕೋರ್ಸನ್ನು ಊರಿನವರೇ ಬೋರ್ಡ್ ನೋಡಿ ದಾಟಿಹೋಗುತ್ತಾರೆ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ಆಸ್ಪತ್ರೆ, ವಿಶೇಷ ಶಾಲೆ, ಸ್ವಂತ ಕ್ಲಿನಿಕ್. ಮಾತು ತೊದಲುವ ಮಗುವಿನ ಎದುರು ಗಂಟೆಗಟ್ಟಲೆ ಕೂರುವ ಸಹನೆ ಇರಬೇಕು. ಸಿಇಟಿ ಕೌನ್ಸೆಲಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ, ಸಂಸ್ಥೆಯ ಪ್ರಕಟಣೆಯನ್ನೇ ನೋಡುತ್ತಿರಬೇಕು.

ಯಾರಿಗೆ ಯಾವುದು

ನಾಲ್ಕು ವರ್ಷಕ್ಕೆ ಮೂರು ಲಕ್ಷಕ್ಕಿಂತ ಮೇಲೆ ಹೊಂದಿಸಲಾಗದ ಮನೆ: ಅನುದಾನಿತ ಮತ್ತು ಸರ್ಕಾರಿ ಸೀಟುಗಳನ್ನು ಬ್ರಾಂಚು ಬೇರೆಯಾದರೂ ಮೇಲಿಡಿ, ಜೀವಶಾಸ್ತ್ರ ಇದ್ದರೆ ಕೃಷಿಯನ್ನೂ ಸೇರಿಸಿ, ಅದರ ಕೆಳಗೆ ದುಬಾರಿ ಸೀಟು ಹಾಕಲೇಬೇಡಿ, ಯುವರಾಜದ ಅರ್ಜಿ ಕೈಯಲ್ಲಿರಲಿ. ಪರಿಶಿಷ್ಟ ಜಾತಿ-ಪಂಗಡದವರು ಮತ್ತು ಕಡಿಮೆ ಆದಾಯದ ಹಿಂದುಳಿದ ವರ್ಗದವರು ಶುಲ್ಕ ವಿನಾಯಿತಿ, ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನದ ಲೆಕ್ಕ ಹಾಕಿದ ಮೇಲಷ್ಟೇ ‘ದುಬಾರಿ’ ಅನ್ನಿ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಹತ್ತು ತಿಂಗಳ ಊಟ-ವಸತಿ ನೆರವಿದೆ. 2021ರಲ್ಲಿ ಶುರುವಾದ ರೈತ ವಿದ್ಯಾ ನಿಧಿಯಲ್ಲಿ ಬಿಇ ಓದುವ ರೈತರ ಮಕ್ಕಳಿಗೆ ನೆರವಿದೆ, ವರ್ಷಕ್ಕೆ ಹುಡುಗರಿಗೆ 10 ಸಾವಿರ, ಹುಡುಗಿಯರಿಗೆ 11 ಸಾವಿರ. ಅದಕ್ಕೆ ಅಪ್ಪನದೋ ಅಮ್ಮನದೋ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಆಗಿರಬೇಕು.

ಏಳೆಂಟು ಲಕ್ಷ ಹೊಂದಿಸಬಲ್ಲವರಿಗೆ ಮೈಸೂರಿನ ಒಳ್ಳೆಯ ಖಾಸಗಿ ಕಾಲೇಜಿನ ಸಿಇಟಿ ಸೀಟು ಸರಿಯಾದ ಜಾಗ. ಸಾಲ ಬೇಕಾದರೆ ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ. ಆ ಗೆರೆ ದಾಟಿಸುವ ಸೀಟಿಗೆ ಗದ್ದೆ ಪತ್ರ ಇಡಬೇಕಾಗಿ ಬಂದರೆ ಇನ್ನೊಂದು ಸಲ ಯೋಚಿಸಿ. ಕಾಮೆಡ್‌ಕೆ ಹಣ ಇದ್ದವರಿಗೂ, ಬೇಕಾದ ಬ್ರಾಂಚು ಬೇಕಾದ ಕಾಲೇಜಿನಲ್ಲೇ ಸಿಗುವುದಾದರೆ ಮಾತ್ರ. ಹೆಸರೇ ಕೇಳಿರದ ಕಾಲೇಜಿಗೆ ಆ ಶುಲ್ಕ ಕಟ್ಟುವುದರಲ್ಲಿ ಅರ್ಥವಿಲ್ಲ.

ಪಟ್ಟಿ ಬರೆಯುವ ಕೈಕೆಲಸ

ಹಿಂದಿನ ವರ್ಷಗಳ ಕಟಾಫ್ (ಸೀಟು ಸಿಕ್ಕ ಕೊನೆಯ ರ‍್ಯಾಂಕ್) ಪಟ್ಟಿ ತೆರೆದಾಗ ಕಾಲಂಗಳ ತಲೆಬರಹ ಓದಲು ಬರಬೇಕು. ಜಿಎಂ ಅಂದರೆ ಸಾಮಾನ್ಯ, ಜಿಎಂಆರ್ ಗ್ರಾಮೀಣ, ಜಿಎಂಕೆ ಕನ್ನಡ ಮಾಧ್ಯಮ. 3ಎಜಿ, 3ಎಆರ್, 3ಎಕೆ ಅಂದರೆ 3ಎ ವರ್ಗದ ಸಾಮಾನ್ಯ, ಗ್ರಾಮೀಣ, ಕನ್ನಡ. ಹಳ್ಳಿ ಶಾಲೆಯಲ್ಲಿ ಹತ್ತು ವರ್ಷ ಕನ್ನಡದಲ್ಲಿ ಓದಿದ 3ಎ ವರ್ಗದ ಹುಡುಗಿಗೆ ಈ ಆರೂ ಕಾಲಂ ಲೆಕ್ಕಕ್ಕೆ ಬರುತ್ತವೆ. ಎಷ್ಟೋ ಮನೆಯವರು ಜಿಎಂ ಕಾಲಂ ಮಾತ್ರ ನೋಡಿ ‘ನಮಗೆ ಸಿಗಲ್ಲ’ ಅಂತ ಆ ಕಾಲೇಜನ್ನೇ ಬಿಟ್ಟುಬಿಡುತ್ತಾರೆ. ಎರಡು ವರ್ಷದ ಕೊನೆಯ ಸುತ್ತಿನ ಅಂಕಿ ನೋಡಿ, ನಿಮ್ಮ ರ‍್ಯಾಂಕಿಗಿಂತ ಸ್ವಲ್ಪ ಮೇಲಿನವನ್ನೂ ಧೈರ್ಯವಾಗಿ ಬರೆಯಿರಿ. ಸಿಗದಿದ್ದರೆ ಕಂಪ್ಯೂಟರ್ ಮುಂದಿನ ಸಾಲಿಗೆ ಹೋಗುತ್ತೆ, ನಷ್ಟವಿಲ್ಲ. ಸೇರಲು ಇಷ್ಟವಿಲ್ಲದ್ದನ್ನು ಮಾತ್ರ ‘ಇರಲಿ’ ಅಂತ ಹಾಕಬೇಡಿ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರಕ್ಕೆ ಒಂದರಿಂದ ಹತ್ತರವರೆಗೆ ಓದಿದ ಪ್ರತಿ ಶಾಲೆಯ ಮುಖ್ಯಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಮೈಸೂರಿನ ಅಂಚಿನವರಿಗೆ ಒಂದು ಎಚ್ಚರಿಕೆ: ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಈಗ ಗ್ರಾಮ ಪಂಚಾಯಿತಿಗಳಲ್ಲ. ಅಲ್ಲಿನ ಶಾಲೆಯಲ್ಲಿ ಓದಿದವರು ಆ ಹತ್ತು ವರ್ಷ ಶಾಲೆ ಯಾವ ವ್ಯಾಪ್ತಿಯಲ್ಲಿತ್ತು ಎಂಬುದನ್ನು ಬಿಇಒ ಕಚೇರಿಯಲ್ಲಿ ಮೊದಲೇ ಖಚಿತ ಮಾಡಿಕೊಳ್ಳಬೇಕು. ಜಾತಿ-ಆದಾಯ ಪತ್ರ ನಾಡಕಚೇರಿಯದು, ಆರ್‌ಡಿ ಸಂಖ್ಯೆ ಇರುವುದು. 2ಎ, 2ಬಿ, 3ಎ, 3ಬಿಗೆ ನಮೂನೆ ಎಫ್, ಪರಿಶಿಷ್ಟರಿಗೆ ಡಿ, ಪ್ರವರ್ಗ 1ಕ್ಕೆ ಇ. ಪತ್ರದಲ್ಲಿ ‘ಲಕ್ಷ್ಮೀ ಎಂ’, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಎಂ ಲಕ್ಷ್ಮಿ’ ಅಂತಿದ್ದರೆ ಪರಿಶೀಲನೆಯಲ್ಲಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮಗುವಿನ ಹೆಸರಿನಲ್ಲೇ ಪತ್ರ ಮಾಡಿಸಿ, ಅಂಕಪಟ್ಟಿಯ ಅಕ್ಷರಕ್ಕೆ ಅಕ್ಷರ ಕೂಡಿಸಿ. ಇದನ್ನೆಲ್ಲ ಜನವರಿಯಲ್ಲಿ ಮಾಡಿಸಿದವರಿಗೆ ಒಂದು ವಾರದ ಕೆಲಸ, ಜೂನ್‌ನಲ್ಲಿ ಹೋದವರಿಗೆ ನಾಡಕಚೇರಿಯ ಮುಂದೆ ಸಾಲು.

ಅಣಕು ಸೀಟು ಹಂಚಿಕೆ ಬಂದಾಗ ಸಿಕ್ಕ ಸೀಟು ನೋಡಿ ಖುಷಿಪಡುವುದಕ್ಕಿಂತ ಒಂದು ಕೇಳಿಕೊಳ್ಳಿ: ಇದೇ ನಿಜವಾಗಿಬಿಟ್ಟರೆ ನಾಳೆ ಹೋಗಿ ಸೇರುತ್ತೀರಾ? ಇಲ್ಲವೆಂದರೆ ಕ್ರಮ ತಪ್ಪಿದೆ, ತಿದ್ದಲು ಸಮಯ ಇರುವುದು ಆಗಲೇ. ಮೊದಲು ಹಾಕದ್ದನ್ನು ಮುಂದಿನ ಸುತ್ತಿನಲ್ಲಿ ಸೇರಿಸಲು ಬಿಡುತ್ತಾರೆ ಎಂದು ನಂಬಿ ಕೂರಬೇಡಿ.

ನಿಜವಾದ ಹಂಚಿಕೆಯ ಮೇಲೆ ನಾಲ್ಕು ಚಾಯ್ಸ್. ಒಂದನೆಯದು, ಒಪ್ಪಿದೆ, ಸೇರುತ್ತೇನೆ, ಅಲ್ಲಿಗೆ ಮುಗಿಯಿತು. ಎರಡನೆಯದು, ಇದು ನನ್ನದಾಗಿರಲಿ, ಮೇಲಿನದು ಸಿಕ್ಕರೆ ಕೊಡಿ. ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ, ಮತ್ತೆ ಕೇಳುವಂತಿಲ್ಲ. ಮೂರನೆಯದು, ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ಇಲ್ಲಿ ಕೈಯಲ್ಲಿರುವುದನ್ನು ಬಿಟ್ಟಂತೆ. ನಾಲ್ಕನೆಯದು, ಪೂರ್ತಿ ಹೊರಗೆ. ಎರಡು ಮತ್ತು ಮೂರರ ನಡುವೆ ಗಲಿಬಿಲಿ ಮಾಡಿಕೊಂಡು ಬರಿಗೈಯಾಗುವವರು ಪ್ರತಿ ವರ್ಷ ಇರುತ್ತಾರೆ. ಎರಡನ್ನು ಒತ್ತುವ ಮುಂಚೆ, ಸಿಕ್ಕ ಸೀಟಿನ ಮೇಲಿರುವ ಸಾಲುಗಳನ್ನು ಇನ್ನೊಮ್ಮೆ ಓದಿ. ಅಲ್ಲಿ ಈಗ ಬೇಡವೆನ್ನಿಸುವ ಕಾಲೇಜಿದ್ದರೆ ಅಳಿಸಿ. ಶುಲ್ಕ ಯಾವ ಚಾಯ್ಸ್‌ನವರು ಯಾವ ದಿನದೊಳಗೆ ಕಟ್ಟಬೇಕು ಅನ್ನೋದನ್ನು ಆ ವರ್ಷದ ಸೂಚನೆಯಲ್ಲೇ ನೋಡಿ, ಹೋದ ವರ್ಷ ಸೇರಿದ ಅಣ್ಣನನ್ನು ಕೇಳಬೇಡಿ.

ಕಾಲೇಜಿಗೆ ವರದಿ ಮಾಡಿಕೊಳ್ಳುವ ದಿನ ಮೂಲ ಅಂಕಪಟ್ಟಿ, ಟಿಸಿ, ಪತ್ರಗಳನ್ನು ಕೊಡುವ ಮುಂಚೆ ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಂಡು, ಐದೈದು ಜೆರಾಕ್ಸ್ ತೆಗೆದಿಡಿ. ವಿದ್ಯಾರ್ಥಿವೇತನಕ್ಕೆ, ಬಸ್ ಪಾಸಿಗೆ, ಬ್ಯಾಂಕಿಗೆ, ಹಾಸ್ಟೆಲ್ ಅರ್ಜಿಗೆ ಅವೇ ಬೇಕು. ಯಾವ ಯಾವ ಮೂಲ ದಾಖಲೆ ಕೊಟ್ಟಿರಿ ಎಂದು ಸಾಲಾಗಿ ಬರೆದು, ಕಾಲೇಜಿನ ಮೊಹರು ಹಾಕಿಸಿದ ಸ್ವೀಕೃತಿ ಪತ್ರ ಪಡೆದ ಮೇಲೇ ಕೌಂಟರ್ ಬಿಟ್ಟು ಬನ್ನಿ.